ಬೋರ್ಡಿಗೆ ಹಚ್ಚಿದ ವಿಭೂತಿ

ತಮ್ಮ ಕೇಳಿದಾಗ ಹೌದು ಅನ್ನಬೇಕಿತ್ತು. ಇಲ್ಲ ಅಂದೆ. ಆಮೇಲೆ ಬಾಯಿ ಬಿಡಲು ಎಷ್ಟೋ ಸಲ ಅವಕಾಶ ಸಿಕ್ಕಿತು, ಬಿಡಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಚೆಂದ ಮಾಡಿ ಬರೆಯಲು ಬಾರದು. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅದು ಎಂಬತ್ತರ ದಶಕದ ಕೊನೆ. ಚನ್ನಗಿರಿಯ ನಮ್ಮ ಮನೆಯ ಮುಂಗೋಣೆಯೇ ತಮ್ಮನ ರೇಡಿಯೋ, ಟೇಪ್‌ ರಿಪೇರಿ ಅಂಗಡಿ. ಹೊನ್ನಾಳಿಯಲ್ಲಿ ಒಬ್ಬರ ಕೈಕೆಳಗಿದ್ದು ಕೆಲಸ ಕಲಿತು ಬಂದಿದ್ದ. ಅಡುಗೆ ಮುಗಿದ ಮೇಲೆ ನಾನೂ ಅಲ್ಲೇ ಕೂತು ಸ್ಕ್ರೂ ಬಿಚ್ಚಿಕೊಡುತ್ತಿದ್ದೆ, ಒಳಗಿನ ಧೂಳನ್ನು ಬ್ರಷ್ಷಿನಲ್ಲಿ ತೆಗೆಯುತ್ತಿದ್ದೆ. ಆ ವರ್ಷ ಬಸ್‌ ಸ್ಟ್ಯಾಂಡ್ ಹತ್ತಿರದ ವಿಡಿಯೋ ಗೇಮ್ ಅಂಗಡಿಯವರು ಕೆಟ್ಟುಹೋದ ಯಂತ್ರವನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. ಬೀರುವಿನಷ್ಟು ಎತ್ತರ, ಎದೆಮಟ್ಟಕ್ಕೆ ಟಿವಿ, ಅದರ ಕೆಳಗೆ ಕೋಲು ಮತ್ತು ಗುಂಡಿಗಳು. ಬೊಂಬಾಯಿಯಲ್ಲಿ ಯಾರೋ ಆಡಿಸಿ ಬಿಟ್ಟ ಹಳೇ ಮಾಲು.

"ಏನ್ ಡಾಕ್ಟ್ರೇ, ಪೇಷಂಟು ಉಳಿತೈತೋ, ಇಲ್ಲ ಹಾರ ತರ್ಲೋ?"

"ಹಾರನೂ ತರ್ರಿ. ಆಯುಧಪೂಜೆಗೆ ಅದಕ್ಕೇ ಹಾಕಿ ಕಳಿಸ್ತೀನಿ," ಅಂದ ತಮ್ಮ.

ದಸರಾ ರಜೆಗೆ ತ್ಯಾವಣಿಗೆ, ಬಸವಾಪಟ್ಟಣದ ಕಡೆಯ ಹುಡುಗರೆಲ್ಲ ಆಡಲು ಬರುತ್ತಾರೆ, ಅಷ್ಟರಲ್ಲಿ ಆಗಬೇಕು ಅಂದರು. ಇದು ಸರಿಯಾದರೆ ನ್ಯಾಮತಿಯಲ್ಲಿ ತೆರೆಯಲಿರುವ ಅಂಗಡಿಯ ಯಂತ್ರಗಳ ಕೆಲಸವೂ ಅವನಿಗೇ ಅಂತ ಮಾತಾಯಿತು. ಆಟವನ್ನು ನಡೆಸುವ, ಯಂತ್ರದೊಳಗಿನ ಅಂಥ ಸರ್ಕ್ಯೂಟ್ ಬೋರ್ಡನ್ನು ತಮ್ಮ ಅದುವರೆಗೆ ಕಂಡಿರಲಿಲ್ಲ. ಹೆದರದೆ ಕೂತ. ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳು ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದನ್ನೇ ತಿಕ್ಕಿದ. ಭೂತಗನ್ನಡಿ ಹಿಡಿದು ಬಿರಿದ ಬೆಸುಗೆಗಳನ್ನು ಹುಡುಕಿ ಮತ್ತೆ ಹಾಕಿದ. ಹಬ್ಬದ ಮುನ್ನಾದಿನ ಸಂಜೆ ಆಟ ಓಡಿತು. ಇಬ್ಬರೂ ಆಡಿದೆವು, ನಾನೇ ಬೇಗ ಸತ್ತೆ. ಅವನು ನಕ್ಕ ನಗು ಈಗಲೂ ನೆನಪಿದೆ. ಆಮೇಲೆ ಎಲ್ಲೋ ಒಂದು ತಂತಿ ಸಡಿಲ ಕಂಡಿತು ಅಂತ ಬೋರ್ಡನ್ನು ಮತ್ತೆ ಹೊರತೆಗೆದು ಮೇಜಿನ ಮೇಲೆ ಇಟ್ಟ.

ಮರುದಿನ ಬಾಳೆಕಂದು, ಬೂದುಗುಂಬಳ ತರಲು ಹೊರಟವನು ಬಾಗಿಲಲ್ಲಿ ನಿಂತು ಹೇಳಿದ್ದ: "ಪೂಜೆ ನೀನೇ ಮಾಡಕ್ಕ. ಮೇಜಿನ ಹತ್ರ ಮಾತ್ರ ನೀರು ತರಬ್ಯಾಡ."

ಬೆಸುಗೆ ಕಡ್ಡಿಗೆ, ಇಕ್ಕಳಕ್ಕೆ, ಮೀಟರಿಗೆ ವಿಭೂತಿ ಹಚ್ಚಿದೆ. ಮನೆಗೆ ಒಳ್ಳೆಯ ದಿನ ತರುವುದು ಆ ಬೋರ್ಡು, ಅದನ್ನೇ ಬಿಟ್ಟರೆ ಹೆಂಗೆ ಅನ್ನಿಸಿತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸಾಲಾಗಿ ಕೂತಿದ್ದ ಕಪ್ಪು ಚಿಪ್‌ಗಳ, ಅಂದರೆ ಐಸಿಗಳ ಮೇಲೆ ಮೂರು ಬೆರಳು ಎಳೆದೆ. ಕೈ ತೀರಾ ಒದ್ದೆಯಿತ್ತು. ಬಿಳಿ ನೀರು ಐಸಿಗಳ ಕಾಲುಗಳ ನಡುವೆ ಇಳಿಯಿತು. ನೋಡಲು ಅಸಹ್ಯವಾಯಿತೆಂದು ಸೆರಗಿನಿಂದ ಒರೆಸಿದೆ. ಮೇಲೆ ಏನೂ ಉಳಿಯಲಿಲ್ಲ. ಸರಿಹೋಯಿತು ಅಂದುಕೊಂಡೆ.

ತಮ್ಮ ಬಂದು ಬೋರ್ಡು ಕೂರಿಸಿ ಸ್ವಿಚ್ ಹಾಕಿದ. ಪರದೆ ತುಂಬ ಬಣ್ಣದ ಚೌಕಗಳು, ಆಟವಿಲ್ಲ. ಆಫ್ ಮಾಡಿ ಮತ್ತೆ ಹಾಕಿದ. ಅದೇ. ಮೀಟರ್ ಹಿಡಿದು ನೋಡಿದ, ಕರೆಂಟು ಸರಿಯಾಗಿ ಬರುತ್ತಿತ್ತು. ಐಸಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟ. ಯಾವುದು ಸುಡುತ್ತದೋ ಅದು ಹೋಗಿದೆ ಅಂತ ಲೆಕ್ಕ. ಒಂದರ ಮೇಲೆ ಇಟ್ಟ ಬೆರಳನ್ನು ಚುರ್ ಅಂದಂತೆ ಕಿತ್ತುಕೊಂಡ.

"ಅಕ್ಕ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲಪ್ಪ. ಯಾರು ಮುಟ್ತಾರೆ?"

ಒಂದು ಕ್ಷಣ ನನ್ನನ್ನು ನೋಡಿ ನಂಬಿದ. ನನ್ನ ಮೇಲೆ ಬರಬೇಕಾದ ಅನುಮಾನವನ್ನು ತನ್ನ ಮೇಲೆ ಹೊರಿಸಿಕೊಂಡ. "ಹಂಗಾದ್ರೆ ನಾನೇ ನಿನ್ನೆ ಎಲ್ಲೋ ಶಾರ್ಟ್ ಮಾಡೀನಿ."

ಹಬ್ಬ ಹೋಯಿತು, ರಜೆ ಮುಗಿಯಿತು. ದಾವಣಗೆರೆಗೆ ಹೋಗಿ ಬಂದ, ಬೆಂಗಳೂರಿಂದ ಐಸಿ ತರಿಸಿದ, ಬದಲಾಯಿಸಿದ. ಚೌಕಗಳು ಹೋಗಲಿಲ್ಲ. ಊಟಕ್ಕೆ ಕರೆದರೆ ತಲೆಯೆತ್ತುತ್ತಿರಲಿಲ್ಲ. ಕೊನೆಗೆ ಅಂಗಡಿಯವರು ಬೀದಿಯಲ್ಲಿ ನಿಂತು ಕೂಗಾಡಿದರು: "ಒಳ್ಳೇ ಐಸಿ ಕಿತ್ತು ಮಾರ್ಕೊಂಡು ಸತ್ತಿದ್ದನ್ನ ತುರುಕೀಯೇನೋ? ನಿಂಗೆ ಡಾಕ್ಟ್ರು ಅಂತ ಬ್ಯಾರೆ ಕರೀತಿದ್ದೆ!" ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಆಗಲೂ ಹೊರಗೆ ಬರಲಿಲ್ಲ.

ರೇಡಿಯೋ ತರುವವರು ಕಡಿಮೆಯಾದರು. ತಂದವರು ಬಿಚ್ಚಿದ ಹೊತ್ತಿನಿಂದ ಮುಚ್ಚುವ ತನಕ ಎದುರಿಗೇ ಕೂರತೊಡಗಿದರು. ತಮ್ಮ ಅಂಗಡಿ ಮುಚ್ಚಿ ಜಗಳೂರಿಗೆ ಹೋದ. ಅಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದ.

ಅವನು ಹೋದ ಎರಡನೇ ಬೇಸಿಗೆಗೆ ಅವನನ್ನು ನೋಡಲು ಹೋದೆ. ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿತ್ತು. ನಾನು ಅವನ ಕೆಲಸದ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗ ಹತ್ತಿರದ ಸೊಕ್ಕೆ ಊರಿನ ರೈತರೊಬ್ಬರು ಹಾಡದ ಟೇಪ್ ರೆಕಾರ್ಡರ್ ಹಿಡಿದು ಬಂದರು. ತಮ್ಮ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಬ್ಯಾರೆ ಕಡೆ ತೋರಿಸ್ರಿ ಯಜಮಾನ್ರೆ."

"ಯಾಕಪ್ಪ, ಬರಾಕಿಲ್ವೇನು?"

"ಬರಾಕಿಲ್ಲರಿ."

ಅವರು ಹೋದ ಮೇಲೆ ಕೇಳಿದೆ, "ಯಾಕೋ ಸುಳ್ಳು ಹೇಳಿದಿ?"

"ಸುಳ್ಳಲ್ಲಕ್ಕ," ಅಂದ. "ಕೂಡಿಸಿ ಇಟ್ಟಿದ್ದನ್ನ ಕೆಡಿಸಿದ ಕೈ ಇದು. ಹೆಂಗೆ ಕೆಡಿಸ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗದಿದ್ರೆ ನಂಬೋದು ಹೆಂಗೆ?"

ಮತ್ತೆ ತಂತಿ ಸುತ್ತತೊಡಗಿದ. ನನಗೆ ಎದ್ದು ಬಸ್ಸಿಗೆ ಹೋಗಿಬಿಡೋಣ ಅನ್ನಿಸಿದ್ದು ನಿಜ. ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.

"ನಿನ್ನ ಕೈ ಅಲ್ಲಪ್ಪ," ಅಂದೆ. "ನೀನು ಆಚೆ ಹೋದಾಗ ಒದ್ದೆ ಕೈಯಲ್ಲಿ ಬೋರ್ಡಿಗೆ ವಿಭೂತಿ ಹಚ್ಚಿದ್ದು ನಾನು. ನೀರು ಒಳಗೆ ಇಳಿದಿದ್ದು ನೋಡಿದ್ದೆ. ನೀನು ಕೇಳಿದಾಗ ಇಲ್ಲ ಅಂದೆ, ನಿನ್ನ ಕಳ್ಳ ಅಂದಾಗಲೂ ಬಾಯಿ ಮುಚ್ಕೊಂಡಿದ್ದೆ. ತಪ್ಪಾತು ತಮ್ಮಾ. ನಂದೇ ತಪ್ಪು."