ಪಾರುಪತ್ಯಗಾರರ ಪತ್ರೆಪೂಜೆ

ಈ ಕಥೆಯ ಅರ್ಧವನ್ನು ನನಗೆ ಮೊದಲು ಹೇಳಿದವರು ನಮ್ಮೂರ ಗುಡಿಯ ಪಾರುಪತ್ಯಗಾರರ ಮನೆಯಾಕೆ. ಉಳಿದರ್ಧ ನಾನೇ ಕಣ್ಣಾರೆ ಕಂಡದ್ದು.

ಊರಿನ ದುಡಿಯುವ ಗಂಡಸರೆಲ್ಲ ಶ್ರೀರಂಗಪಟ್ಟಣದ ಕೋಟೆ ಕೆಲಸಕ್ಕೆ ಹೋಗಿದ್ದ ಕಾಲ. ತೊಣ್ಣೂರು ಕೆರೆ ಏರಿಯ ಮೇಲೆ ನಾನು ಊರ ಮಕ್ಕಳಿಗೆ ಗಿಡ, ಹಕ್ಕಿ ತೋರಿಸಿ ಪಾಠ ಹೇಳುತ್ತಿದ್ದೆ. "ಮದ್ಯಾನ ಒಂದು ತುತ್ತು ಇಕ್ಕಿಲ್ಲ ಅಂದ್ರೆ ಐಕ್ಳನ್ನ ದನ ಕಾಯಕ್ಕೆ ಕಳಿಸ್ಬುಡ್ತೀವಿ ಕಣ್ರಯ್ಯ" ಎಂದರು ತಾಯಂದಿರು. ಗುಡಿಯ ಪ್ರಸಾದದಲ್ಲಿ ಒಂದು ಪಾಲು ಕೊಡಿಸಿ ಎಂದು ಪಾರುಪತ್ಯಗಾರರನ್ನು ಕೇಳಿಕೊಂಡೆ.

"ಹಸಿರಾಗಿದ್ರೆ ಸೊಪ್ಪು, ಹಾರಿದ್ರೆ ಹಕ್ಕಿ. ಇಷ್ಟು ಕಲಿಸೋಕೆ ದೇವರ ಅನ್ನ ಬೇರೆ ಕೇಡು. ಹೋಗಯ್ಯ" ಎಂದುಬಿಟ್ಟರು.

ಪಾಠ ನಿಂತಿತು. ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ವರ್ಷವೂ ಪೂಜೆಗೆ ಪತ್ರೆ ಆರಿಸಿ ತರುತ್ತಿದ್ದ ಮಕ್ಕಳು ಈಗ ದನಗಳ ಹಿಂದೆ ಇದ್ದರು. ಮನೆಯಾಕೆ ಬೇಡವೆಂದರೂ ಪಾರುಪತ್ಯಗಾರರು ತಾವೇ ಹೋಗಿ, ಕಂಡ ಹಸಿರನ್ನೆಲ್ಲ ಕುಡುಗೋಲಿನಲ್ಲಿ ಕೊಯ್ದು, ಮೇಲುವಸ್ತ್ರದಲ್ಲಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಬಂದರಂತೆ.

ನಾನು ಗುಡಿಗೆ ಹೋದಾಗ ಪಾರುಪತ್ಯಗಾರರ ಪೂಜೆ ಸಾಗಿತ್ತು. ಒಂದು ನಾಮಕ್ಕೆ ಒಂದು ಎಲೆ, ಒಂದು ಎಲೆಗೆ ಒಂದು ಕೆರೆತ.

"ಏನಯ್ಯ ಇದು, ಮೈಯೆಲ್ಲ ಉರೀತಿದೆ?"

"ತುರಚೆ ಸೊಪ್ಪು, ಸ್ವಾಮಿ. ಹಸಿರಾಗೇ ಇದೆಯಲ್ಲ."

ಅವರು ಕತ್ತು ಕೆರೆದುಕೊಳ್ಳುತ್ತಲೇ ಗಣಪತಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಪಾಠಕ್ಕೆ ಎಷ್ಟು ಮಕ್ಕಳು ಬರ್ತಾರೆ?" ಎಂದರು.

ಅಂದಿನಿಂದ ಪಾಠದ ದಿನ ಏರಿಗೆ ಮೊಸರನ್ನದ ತಪ್ಪಲೆ ಬರುತ್ತಿದೆ. ನನ್ನಪ್ಪ ಗಣಪತಿ ಮಾತ್ರ ಒಂದು ಸಲವೂ ಕೆರೆದುಕೊಳ್ಳಲಿಲ್ಲ. ಕಲ್ಲಾಗಿರುವುದರ ಸುಖ ಅವನೊಬ್ಬನಿಗೇ ಗೊತ್ತು.

ಕೇಳಿದವರು ಇದನ್ನು ಇನ್ನು ನಾಲ್ಕು ಜನಕ್ಕೆ ಹೇಳಿ. ತಪ್ಪಲೆ ಬರುತ್ತಿರುವವರೆಗೆ ಪಾರುಪತ್ಯಗಾರರ ಎದುರಿಗೆ ಮಾತ್ರ ಬೇಡ.