ಟೀಚರಮ್ಮನ ನಾಲ್ಕನೆಯ ಬೆರಳು

ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎರಡೇ ಕೋಣೆ. ಅದರಲ್ಲಿ ಒಂದನ್ನು ಪಿಯಾನೊ ನುಂಗಿ ಕೂತಿತ್ತು, ಇನ್ನೊಂದರಲ್ಲಿ ಟೀಚರಮ್ಮನ ಅಡುಗೆ, ಊಟ, ನಿದ್ದೆ ಎಲ್ಲ. ಮದುವೆಯಾಗು ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ ಅವಳ ಅಕ್ಕ, "ಒಳ್ಳೇ ಗಂಡನ್ನೇ ಇಟ್ಕೊಂಡಿದೀಯ ಬಿಡೇ, ತಟ್ಟಿದ್ರೆ ಮಾತ್ರ ಬಾಯಿ ಬಿಡುತ್ತೆ" ಎಂದು ಪಿಯಾನೊ ಕಡೆ ಮೂತಿ ತಿರುವುತ್ತಿದ್ದಳು. ಮದುವೆ ಯಾಕೆ ಬೇಡವೆಂದಳೋ ಅವಳಿಗೇ ಗೊತ್ತು, ನಮಗೇಕೆ ಆ ಉಸಾಬರಿ. ಆದರೆ ಅಷ್ಟು ಚೆನ್ನಾಗಿ ನುಡಿಸುವವಳು ಸಂಗೀತದ ಕಾಲೇಜಿನ ಮೆಟ್ಟಿಲು ಯಾಕೆ ಹತ್ತಲಿಲ್ಲ ಎನ್ನುವುದನ್ನು ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ.

ಅಪ್ಪನದು ಗಾಜು ಕತ್ತರಿಸಿ ಚೌಕಟ್ಟು ಹಾಕುವ ಅಂಗಡಿ. ಕಾಲೇಜಿನ ಪ್ರವೇಶ ಪರೀಕ್ಷೆಗೆ ಹೊರಡಬೇಕಿದ್ದ ವಾರವೇ, ಅಪ್ಪನ ಕೈಯಿಂದ ಕಿಟಕಿ ಗಾಜಿನ ಹಾಳೆಯೊಂದು ಜಾರಿತು. ಜಾರುವ ಗಾಜಿಗೆ ಕೈ ಕೊಡಬಾರದು ಎಂದು ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಕೆಳಗೆ ಅಪ್ಪನ ಕಾಲಿತ್ತು, ಇವಳು ಕೈ ಕೊಟ್ಟಳು. ಬಲಗೈಯ ಉಂಗುರದ ಬೆರಳಿನ ಬೆನ್ನ ಮೇಲೆ ಒಂದು ಗೆರೆ, ಒಳಗೆ ನರ ತುಂಡು. ಡಾಕ್ಟರು ಹೊಲಿಗೆ ಹಾಕಿದರು. ಗಾಯ ಮಾಯಿತು, ಬೆರಳು ಮಡಚಿತು. ತಾನಾಗಿ ಮೇಲೇಳುವುದು ಮಾತ್ರ ಅದಕ್ಕೆ ಆಗಲೇ ಇಲ್ಲ.

ಅಪ್ಪನ ಮುಖ ನೋಡಲಾಗದೆ, "ವಾಸಿಯಾಯ್ತಪ್ಪ, ಕಾಲೇಜು ನನಗೇ ಬೇಡ ಅನ್ನಿಸ್ತು" ಎಂದುಬಿಟ್ಟಳು. ಮನೆಯವರು ನಂಬಿದರು. ನಂಬಿದರೆ ನೆಮ್ಮದಿ ಎನ್ನುವ ಕಡೆ ಜನ ಬೇಗ ನಂಬುತ್ತಾರೆ. ಆಮೇಲೆ ಅವಳು ಆ ಬೆರಳನ್ನು ಬಿಟ್ಟು ನುಡಿಸುವುದನ್ನು ತಾನೇ ಕಲಿತಳು. ಅದರ ಕೆಲಸವನ್ನು ನಡುಬೆರಳು, ಕಿರುಬೆರಳು ಹಂಚಿಕೊಂಡವು, ಮಣಿಕಟ್ಟು ಕೊಂಚ ವಾಲಿ ಅವಕ್ಕೆ ದಾರಿ ಮಾಡಿಕೊಟ್ಟಿತು. ಎಷ್ಟು ನಯವಾಗಿ ಕಲಿತಳೆಂದರೆ ಕೇಳುವವರಿಗೆ ಸುಳಿವೇ ಸಿಗುತ್ತಿರಲಿಲ್ಲ. ವರ್ಷಗಳು ಕಳೆದ ಹಾಗೆ ಅವಳಿಗೂ ಅದು ಮರೆತೇಹೋಯಿತು. ಬೀದಿಯ ಮಕ್ಕಳಿಗೆ ಪಾಠ ಹೇಳುತ್ತ ಟೀಚರಮ್ಮನಾದಳು.

ಮಕ್ಕಳು ಬರುತ್ತಿದ್ದವು, ಎರಡು ಮೂರು ವರ್ಷ ಕುಟ್ಟುತ್ತಿದ್ದವು, ಪರೀಕ್ಷೆ ಟ್ಯೂಷನ್ನು ಎಂದು ಬಿಟ್ಟು ಹೋಗುತ್ತಿದ್ದವು. ಅವಕ್ಕೆಲ್ಲ ಪಾಠ ಮೇಜಿನ ಆಚೆಯಿಂದ: ಪೆನ್ಸಿಲಿನಲ್ಲಿ ತಾಳ ತಟ್ಟುವುದು, ತಪ್ಪಿದರೆ ಕನ್ನಡಕದ ಮೇಲಿಂದ ಒಂದು ನೋಟ. ಅಕ್ಕನ ಮಗಳ ಸಂಗತಿ ಬೇರೆ. ಅಕ್ಕನಿಗೆ ಹೊಲಿಗೆ ಅಂಗಡಿ, ಭಾವ ಲಾರಿ ಹತ್ತಿ ಹೋದರೆ ಮನೆ ಸೇರುವುದು ಯಾವಾಗಲೋ. ಹೀಗಾಗಿ ಶಾಲೆ ಬಿಟ್ಟ ಮಗು ಸೀದಾ ಚಿಕ್ಕಮ್ಮನ ಹತ್ತಿರ ಬರುತ್ತಿತ್ತು. "ಬಾ ಮರಿ, ನನ್ನ ಕೈ ಮೇಲೆ ಕೈ ಇಡು" ಎನ್ನುತ್ತಿದ್ದಳು ಟೀಚರಮ್ಮ. ಆ ಪುಟ್ಟ ಕೈ ಅವಳ ಕೈಬೆನ್ನ ಮೇಲೆ ಅಂಟಿಕೊಂಡು, ಅವಳ ಬೆರಳು ಹೋದಲ್ಲಿಗೆ ಹೋಗುತ್ತಿತ್ತು. ಹಾಗೆ ಬೇರೆ ಯಾರಿಗೂ ಕಲಿಸಲಿಲ್ಲ. ಹಾಗೆ ಕಲಿಸಬೇಕೆನ್ನುವಷ್ಟು ಪ್ರೀತಿ ಬೇರೆ ಯಾರ ಮೇಲೂ ಇರಲಿಲ್ಲ.

ಹುಡುಗಿ ಬೆಳೆದಳು. ಪಿಯಾನೊ ಬಿಟ್ಟು ಬೇರೇನೂ ಓದುವುದಿಲ್ಲ ಎಂದು ಪಟ್ಟು ಹಿಡಿದಾಗ ಅಕ್ಕ ಇಂಚುಪಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ನೋಡೇ, ತಲೆ ಮೇಲೆ ಕೂರಿಸ್ಕೊಂಡವಳು ನೀನು. ಎಲ್ಲಿಗೆ ಸೇರಿಸ್ಬೇಕು ಅಂತ ನೀನೇ ಹೇಳು."

"ಕಾಲೇಜಿನ ಬೋರ್ಡು ನೋಡಿ ಸೇರಿಸೋದಲ್ಲಕ್ಕ ಇದು. ಯಾರ ಪಕ್ಕ ಕೂತು ಕಲೀತಾಳೆ ಅನ್ನೋದೇ ಮುಖ್ಯ. ಊರಿನ ಕಾಲೇಜು, ದೂರದ ಕಾಲೇಜು, ಎರಡೂ ಕಡೆ ಒಂದೊಂದು ಪಾಠ ಕೇಳಿ ಬರ್ತೀವಿ" ಎಂದಳು ಟೀಚರಮ್ಮ.

ಊರಿನ ಕಾಲೇಜಿನಲ್ಲಿ ಕಲಿಸುವವರು ಉತ್ಸಾಹಿ ತರುಣ. ಹುಡುಗಿ ನುಡಿಸಿದ್ದನ್ನು ಕೇಳಿ, "ಕೈ ಇಡೋ ರೀತಿಯೇ ವಿಶೇಷ! ಈ ಶೈಲಿ ಬಿಡಬೇಡಮ್ಮ" ಎಂದು ಆಗಲೇ ಸೀಟು ಕೊಟ್ಟರು. ಬಸ್ಸಿನಲ್ಲಿ ಹೋಗಿ ಬರುವ ದೂರ, ಸಂಜೆ ಎಂದಿನಂತೆ ಚಿಕ್ಕಮ್ಮನ ಕೋಣೆ. ಟೀಚರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆದರೂ ದೂರದ ಕಾಲೇಜಿಗೂ ಹೋಗೋಣ ಎಂದವಳು ಅವಳೇ. ಅಲ್ಲೂ ಹೊಗಳಿಕೆ ಕೇಳುವ ಆಸೆ, ಇನ್ನೇನು?

ಇಡೀ ದಿನದ ರೈಲು ಪ್ರಯಾಣ. ಅಲ್ಲಿನ ಪ್ರೊಫೆಸರ್ ಮೇಡಂ ನರೆತ ಕೂದಲಿನ, ಮಾತು ಕಡಿಮೆಯ ಹೆಂಗಸು. ಕೋಣೆಯಲ್ಲಿ ಅಕ್ಕಪಕ್ಕ ಎರಡು ಪಿಯಾನೊ. ಟೀಚರಮ್ಮ ಮೂಲೆಯ ಕುರ್ಚಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಮೈಯೆಲ್ಲ ಕಿವಿಯಾಗಿ ಕೂತಳು. ಹುಡುಗಿ ಒಂದು ತಪ್ಪಿಲ್ಲದೆ ನುಡಿಸಿ ಮುಗಿಸಿದಳು. ಮೇಡಂ ಎದ್ದು ಬಂದು, ಅವಳ ಬಲಗೈ ಎತ್ತಿಕೊಂಡು ಒಂದೊಂದೇ ಬೆರಳು ಮುಟ್ಟಿ ನೋಡಿದರು.

"ಈ ಬೆರಳಿಗೆ ಪೆಟ್ಟಾಗಿತ್ತಾ?"

"ಇಲ್ಲ ಮೇಡಂ."

"ಮತ್ತೆ ಯಾಕಮ್ಮ ಅದನ್ನ ಕಾಪಾಡ್ತಾ ಇದೀಯ?"

ಹುಡುಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದವಳಿಗೆ ಅರ್ಥವಾಯಿತು. ಅವಳು ತನ್ನ ಬಲಗೈಯನ್ನು ಮೆಲ್ಲಗೆ ಕೈಚೀಲದ ಅಡಿಗೆ ಸರಿಸಿಕೊಂಡಳು.

ಮೇಡಂ ಬಿಡಿಸಿ ಹೇಳಿದರು. ನಾಲ್ಕನೆಯ ಬೆರಳು ಮಾಡಬೇಕಾದ ಕೆಲಸವನ್ನು ಮಣಿಕಟ್ಟು ಹೊರುತ್ತಿದೆ. ಹೀಗೇ ಹೋದರೆ ಕೆಲವು ವರ್ಷಗಳಲ್ಲಿ ಕೈ ಕೂತುಹೋಗುತ್ತದೆ. "ಇಲ್ಲಿಗೆ ಬಂದರೆ ಮೊದಲನೇ ವರ್ಷ ದೊಡ್ಡದೇನೂ ನುಡಿಸೋ ಹಾಗಿಲ್ಲ. ಕಲಿತದ್ದನ್ನ ಬಿಡಿಸಿ ಹೊಸದಾಗಿ ಕೂರಿಸ್ಬೇಕು. ಕಷ್ಟ. ಯೋಚನೆ ಮಾಡಿ." ಬೈಗುಳವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ.

ಮತ್ತೆ ಅದೇ ರೈಲು ಹತ್ತಿ ವಾಪಸು ಹೊರಟರು. ಮನೆ ಹತ್ತಿರ ಬಂದ ಮೇಲೆ ಹುಡುಗಿಯೇ, "ಬೇಡ ಚಿಕ್ಕಮ್ಮ. ಆ ಮೇಡಂ ಮುಖ ನೋಡಿದ್ರೆ ಜ್ವರ ಬರುತ್ತೆ. ನಾನು ಇಲ್ಲೇ ಸೇರ್ತೀನಿ" ಎಂದಳು. ಟೀಚರಮ್ಮ "ನಿನ್ನಿಷ್ಟ ಮರಿ" ಎಂದಳು. ಮಾತಿಗೆ ಹೇಳಿದ್ದಲ್ಲ, ಒಳಗೊಳಗೇ ಹಿಗ್ಗಿದ್ದಳು. ಆ ಪ್ರೊಫೆಸರಿಗೆ ಎಲ್ಲದರಲ್ಲೂ ಕೊಂಕು ಹುಡುಕುವ ಚಾಳಿ ಇರಬೇಕು, ಊರಿನವರು ಸುಮ್ಮನೆ ಹೊಗಳುತ್ತಾರೆಯೇ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡಳು. ಮಾರನೆಯ ದಿನ ಕೋಣೆಯ ಪರದೆ ಒಗೆದು ಹಾಕಿದಳು, ಪಿಯಾನೊ ಒರೆಸಿದಳು, ಬಂದ ಮಕ್ಕಳನ್ನೆಲ್ಲ ನಗಿಸಿ ಕಳಿಸಿದಳು. ಅವಳನ್ನು ಸ್ವಾರ್ಥಿ ಎನ್ನುವವರು ಅನ್ನಲಿ. ಹನ್ನೆರಡು ವರ್ಷ ಒಂದು ಕೈ ತನ್ನ ಕೈ ಮೇಲೆ ಬೆಳೆದದ್ದನ್ನು ಕಂಡವರು ಆಮೇಲೆ ಮಾತಾಡಲಿ.

ಆ ಹಿಗ್ಗು ಇಳಿದದ್ದು ಹೊಲಿಗೆ ಅಂಗಡಿಯಲ್ಲಿ. ರವಿಕೆ ತರಲು ಹೋದವಳಿಗೆ ಒಳಕೋಣೆಯ ಬಾಗಿಲ ಸಂದಿಯಲ್ಲಿ ಹುಡುಗಿ ಕಂಡಳು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಬಲ ಮಣಿಕಟ್ಟಿಗೆ ಸುತ್ತಿಕೊಂಡು, ತುಟಿ ಕಚ್ಚಿ ಕೂತಿದ್ದಳು.

"ಏನಾಯ್ತಕ್ಕ ಅವಳಿಗೆ?"

ಅಕ್ಕ ಮಿಷನ್ ನಿಲ್ಲಿಸಿ ದನಿ ತಗ್ಗಿಸಿದಳು. "ಎಷ್ಟೋ ತಿಂಗಳಿಂದ ಹೀಗೇನೆ. ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ಲು. ಚಿಕ್ಕಮ್ಮ ಬೇಜಾರು ಮಾಡ್ಕೋತಾಳೆ ಅಂತ."

ಟೀಚರಮ್ಮ ರವಿಕೆ ಅಲ್ಲೇ ಬಿಟ್ಟು ಒಳಗೆ ಹೋದಳು. ಹುಡುಗಿ ಗಾಬರಿಯಿಂದ ಬಟ್ಟೆ ಬಿಚ್ಚಲು ಹೋದಾಗ ತಡೆದು, ಅವಳ ಎದುರಿಗೆ ಕೂತು, ತನ್ನ ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿದಳು.

"ನೋಡು ಮರಿ. ಹೆಬ್ಬೆರಳು ಎತ್ತಿದೆ. ತೋರುಬೆರಳು ಎತ್ತಿದೆ. ನಡುಬೆರಳೂ ಎತ್ತಿದೆ. ಈಗ ಇದನ್ನ ನೋಡು."

ಉಂಗುರದ ಬೆರಳು ಮೇಜಿಗೆ ಅಂಟಿದಂತೆ ಬಿದ್ದಿತ್ತು. ಅಲುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅಯ್ಯೋ, ವಾಸಿಯಾಯ್ತು ಅಂದಿದ್ಯಲ್ಲೇ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

"ನಿನ್ನ ಬೆರಳಿಗೆ ಏನೂ ಆಗಿಲ್ಲ ಮರಿ. ಗಾಜು ಕುಯ್ದದ್ದು ನನ್ನ ಬೆರಳನ್ನ. ಕೈ ಮೇಲೆ ಕೈ ಇಡಿಸ್ಕೊಂಡು, ನಿನಗೂ ಅದನ್ನೇ ಕಲಿಸ್ಬಿಟ್ಟೆ."

ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. "ಗೊತ್ತಾಗಿತ್ತು ಚಿಕ್ಕಮ್ಮ, ಅಲ್ಲಿ ನೀನು ಕೈ ಬಚ್ಚಿಟ್ಟಾಗಲೇ. ನೀನು ಕಲಿಸಿದ್ದನ್ನ ಬೇಡ ಅಂತ ನಾನು ಹೇಗೆ ಹೇಳ್ಲಿ?"

"ನೀನು ಹೇಳ್ಬೇಡ. ನಾನು ಹೇಳ್ತೀನಿ. ಹೊರಡು ನೀನು."

ಹುಡುಗಿ ಹಟ ಮಾಡಿದಳು, ಅಕ್ಕ ದೂರವೆಂದು ಗೊಣಗಿದಳು. ಟೀಚರಮ್ಮ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿ ಮೆಟ್ಟಿಲು ಹತ್ತಿ ಬಂದರೆ ಪಿಯಾನೊದ ಮುಚ್ಚಳ ಹಾಕಿ, ತರಕಾರಿ ಹೆಚ್ಚಲು ಕೂರುತ್ತಿದ್ದಳು. "ಇನ್ನು ನಿನಗೆ ನನ್ನ ಹತ್ತಿರ ಪಾಠ ಇಲ್ಲ" ಎಂದು ಅವಳ ಮುಖ ನೋಡದೆ ಹೇಳಿದಳು. ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೋ, ಹೆಚ್ಚಿದ ತರಕಾರಿ ನೋಡಿದರೆ ಗೊತ್ತಾಗುತ್ತಿತ್ತು: ಒಂದು ಹೋಳಿನಂತೆ ಇನ್ನೊಂದಿರಲಿಲ್ಲ. ಕೊನೆಗೆ ಹುಡುಗಿ ದೂರದ ಕಾಲೇಜಿಗೇ ಹೋದಳು.

ಫೋನಿನಲ್ಲಿ ಊಟ, ಹಾಸ್ಟೆಲು, ನೆಗಡಿ, ಎಲ್ಲದರ ಮಾತೂ ಬರುತ್ತಿತ್ತು. ಪಾಠದ ಮಾತನ್ನು ಇವಳು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಹುಡುಗಿ ತಾನಾಗಿ, "ಮಣಿಕಟ್ಟು ನೋಯ್ತಾ ಇಲ್ಲ ಚಿಕ್ಕಮ್ಮ" ಎಂದಳು. ಆವತ್ತು ಟೀಚರಮ್ಮ ಫೋನಿಟ್ಟು, ಸಂತೋಷಕ್ಕೋ ಸಂಕಟಕ್ಕೋ, ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು.

ರಜೆಗೆ ಬಂದವಳು ಚೀಲ ಅಮ್ಮನ ಅಂಗಡಿಯಲ್ಲಿಟ್ಟು ನೇರ ಇಲ್ಲಿಗೇ ಬಂದಳು. ಚಿಕ್ಕಮ್ಮನನ್ನು ತಬ್ಬಿಕೊಂಡಳು, ತಿಂಡಿ ತಿಂದಳು, ಪ್ರೊಫೆಸರ್ ಮೇಡಂ ಗೊರಕೆ ಹೊಡೆಯುವ ಹಾಗೆ ಉಸಿರಾಡುವುದನ್ನು ಅಣಕಿಸಿ ನಗಿಸಿದಳು. ಆಮೇಲೆ, "ದಿನಾ ಇಷ್ಟು ಹೊತ್ತು ಅಂತ ಅಭ್ಯಾಸ ಮಾಡ್ಲೇಬೇಕು" ಎಂದು ಪಿಯಾನೊ ಮುಂದೆ ಕೂತಳು. ಟೀಚರಮ್ಮ ತನ್ನ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಕೂರದೆ ಹೇಗಿರುತ್ತಾಳೆ?

ಮಕ್ಕಳ ಪಾಠದಂತಹ ಐದೇ ಸ್ವರ, ತೀರಾ ನಿಧಾನ. ನಾಲ್ಕನೆಯ ಬೆರಳು ಮೆಲ್ಲಗೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ತಾನು ಎಂದೂ ಎತ್ತಲಾಗದ ಬೆರಳು ಅಲ್ಲಿ ಏಳುವುದನ್ನು ಟೀಚರಮ್ಮ ಮುಂದಕ್ಕೆ ಬಾಗಿ ನೋಡಿದಳು. ಅಷ್ಟರಲ್ಲಿ ಮಣಿಕಟ್ಟು ವಾಲಿತು, ಕಿರುಬೆರಳು ಮುಂದೆ ನುಗ್ಗಿತು. ಹುಡುಗಿ ನಿಲ್ಲಿಸಿ ಮತ್ತೆ ಶುರು ಮಾಡಿದಳು. ಮತ್ತೆ ವಾಲಿತು. ಇನ್ನೊಮ್ಮೆ. ಕೊನೆಗೆ ಕೈಗಳನ್ನು ಮಡಿಲಿಗೆ ಎಳೆದುಕೊಂಡು ತಲೆ ತಗ್ಗಿಸಿ ಕೂತಳು.

"ಏನು ಮರಿ?"

"ತಪ್ಪು ತಿಳ್ಕೋಬೇಡ ಚಿಕ್ಕಮ್ಮ. ಅಲ್ಲಿ ಸರಿಯಾಗೇ ಬರುತ್ತೆ. ಇಲ್ಲಿ ನೀನು ಪಕ್ಕದಲ್ಲಿದ್ರೆ ಕೈ ತಾನಾಗೇ ನಿನ್ನ ದಾರಿ ಹಿಡಿಯುತ್ತೆ. ಸ್ವಲ್ಪ ಹೊತ್ತು ಹೊರಗಿರ್ತೀಯಾ?"

"ಅದಕ್ಕೇನಂತೆ, ಇರ್ತೀನಿ. ನೀನು ಮಾಡು" ಎಂದು ಟೀಚರಮ್ಮ ಎದ್ದಳು. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು. ಬಾಗಿಲ ಹೊರಗೆ ನಿಂತರೂ ತಾನಿರುವುದು ಅವಳಿಗೆ ಗೊತ್ತಾಗುತ್ತದೇನೋ ಎನಿಸಿ, ಗೋಡೆ ಹಿಡಿದು ಮೆಟ್ಟಿಲಿಳಿದು ಬೀದಿಗೆ ಬಂದಳು.

ಗಡಿಯಾರದ ಅಂಗಡಿಯವನು ಕಣ್ಣಿಗೆ ಒತ್ತಿಕೊಂಡಿದ್ದ ಭೂತಗನ್ನಡಿ ತೆಗೆದು ತಲೆಯೆತ್ತಿದ. "ಏನು ಟೀಚರಮ್ಮ, ಈ ಹೊತ್ತಲ್ಲಿ ಹೊರಗೆ ನಿಂತಿದೀರಿ? ಇವತ್ತು ಪಾಠ ಇಲ್ವಾ?"

"ನಡೀತಾ ಇದೆ" ಎಂದಳು ಟೀಚರಮ್ಮ.