ಪೂರ್ತಿ ಮೂಡದ ಸಿಕ್ಕಾ

ಮೇ 12, 1998, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಆ ಬೇಸಿಗೆಯ ನನ್ನ ಡೈರಿ ಹೀಗೆ ಶುರುವಾಗುತ್ತದೆ. ಆಗೆಲ್ಲ ಮುದ್ದೇಬಿಹಾಳದ ನಮ್ಮ ಓಣಿಯ ಮಕ್ಕಳಿಗೆ ಅಂಚೆಚೀಟಿಯ ಹುಚ್ಚು. ನಾನು ಚೀಟಿಗಿಂತ ಅದರ ಮೇಲೆ ಬೀಳುವ ಊರಿನ ಹೆಸರಿನ ಮುದ್ರೆ, ನಮ್ಮ ಕಡೆಯ ಮಾತಿನಲ್ಲಿ ಸಿಕ್ಕಾ, ಕೂಡಿಸುತ್ತಿದ್ದೆ. ಇಂಡಿ, ಸಿಂದಗಿ, ಸಾಲೋಟಗಿ, ಹೂವಿನ ಹಿಪ್ಪರಗಿ ಸಿಕ್ಕಿದ್ದವು. ದೊಡ್ಡವ್ವನ ಊರು ಹೊಳೆಕಟ್ಟಿಯದು ಮಾತ್ರ ಇರಲಿಲ್ಲ. ಅವಳು ಕಾಗದ ಬರೆಯುವವಳಲ್ಲ, ಬಸ್ಸಿನವರ ಕೈಯಲ್ಲಿ ಸುದ್ದಿ ಕಳಿಸುವವಳು. ಊರು ಅಣೆಕಟ್ಟಿನ ಹಿನ್ನೀರಿಗೆ ಹೋಗುವುದಿತ್ತು. ಮಳೆಗಾಲದೊಳಗೆ ಎಲ್ಲರೂ ದಿನ್ನೆಯ ಮೇಲಿನ ಹೊಸ ಊರಿಗೆ ಏಳಬೇಕಿತ್ತು. ಅಷ್ಟರೊಳಗೆ ಹಳೆಯ ಊರಿನ ಸಿಕ್ಕಾ, ಪೂರ್ತಿ ದುಂಡಗೆ, ಒಂದಾದರೂ ನನಗೆ ಬೇಕಿತ್ತು.

ರಜೆಗೆ ಹೊಳೆಕಟ್ಟಿಗೆ ಹೋದವಳು ಆ ಮಂಗಳವಾರ ಮುದ್ದೇಬಿಹಾಳದ ನನ್ನದೇ ವಿಳಾಸಕ್ಕೆ ಕಾರ್ಡು ಬರೆದೆ.

“ನಿನಗ ನೀನ ಬರಕೋತಿ? ಏನಂತ?” ಎಂದಳು ದೊಡ್ಡವ್ವ.

“ಆರಾಮ ಅದೀನಿ ಅಂತ.”

“ಅದು ನಿನಗ ಗೊತ್ತಿಲ್ಲೇನು?”

ಅಂಚೆ ಕಚೇರಿ ಎಂದರೆ ಪೋಸ್ಟ್ ಮಾಸ್ತರ ಕಾಕಾನ ಮನೆಯ ಪಡಸಾಲೆ. ಒಳಗಿಂದ ಶೇಂಗಾ ಹುರಿಯುವ ವಾಸನೆ, ಹೊರಗೆ ಕರಿ ಮಸಿಯದು. ಹೊಸ್ತಿಲ ಪಕ್ಕದ ಹಾಸುಗಲ್ಲಿನ ಮೇಲೆ ಕಾರ್ಡಿಟ್ಟು ಅವರು ಸಿಕ್ಕಾ ಬಡಿದರು. ನೋಡಿದರೆ ಕೆಳಗಿನ ಎಡಬದಿ ಮೂಡಿರಲೇ ಇಲ್ಲ.

“ಕಾಕಾ, ಪೂರ್ತಿ ಬಂದಿಲ್ರಿ. ಇನ್ನೊಮ್ಮಿ ಹೊಡೀರಿ.”

“ಒಂದ ಟಿಕೀಟಿಗೆ ಒಂದ ಸಿಕ್ಕಾ, ತಂಗಿ. ಕಲ್ಲಿಗೆ ಅಲ್ಲೊಂದು ತೆಗ್ಗೈತಿ. ನಮ್ಮವ್ವ ಖಾರ ಕುಟ್ಟಿ ಕುಟ್ಟಿ ಬಿದ್ದದ್ದು.”

“ಇನ್ನೊಂದು ಕಾರ್ಡು ಕೊಡ್ರಿ ಹಂಗಾದ್ರ.”

“ಮುಗದಾವು. ಇನ್ನ ಹೊಸ ಊರಾಗ ಬರ್ತಾವು.”

“ಅಲ್ಲಿ ಸಿಕ್ಕಾ ಬ್ಯಾರೇ ಏನ್ರಿ?”

“ಊರು ಮುಳಗಿದ್ರ ಸಿಕ್ಕಾ ಮುಳಗತೈತೇನು? ಇದ ನನ್ನ ಜೋಡಿ ಬರತೈತಿ.”

ನನಗೆ ಅಳು ಬಂತು. ಹಾಗಾದರೆ ತಾರೀಖು ಬಿಟ್ಟು ಹಳೆಯ ಊರಿನದು ಯಾವುದು, ಹೊಸದರದು ಯಾವುದು, ಗುರುತಿಸುವುದು ಹೇಗೆ?

ದೀಪಾವಳಿಗೆ ಹೊಸ ಊರಿಂದ ಇನ್ನೊಂದು ಕಾರ್ಡು ಹಾಕಿದೆ. ಮೇಜಿನ ಮೇಲೆ ಬಡಿದ ಸಿಕ್ಕಾ ರೊಟ್ಟಿಯಂತೆ ದುಂಡಗೆ ಮೂಡಿತ್ತು. ಇನ್ನು ಹಳೆಯದೇಕೆಂದು ಅದನ್ನು ಮನೆಯಲ್ಲಿ ನನ್ನ ತಂಗಿಗೆ ಆಟಕ್ಕೆ ಕೊಡಲು ತೆಗೆದವಳು, ಸುಮ್ಮನೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದೇ ಹೆಸರು, ಅದೇ ಅಕ್ಷರ. ತಾರೀಖು ಬಿಟ್ಟರೆ ಬೇರೆಯಾಗಿದ್ದದ್ದು ಆ ತೆಗ್ಗಿನ ಗುರುತೊಂದೇ. ಕಾಕಾ ಸಿಕ್ಕಾ ತಂದಿದ್ದರು, ಕಲ್ಲು ತಂದಿರಲಿಲ್ಲ. ಹಳೆಯ ಕಾರ್ಡನ್ನು ತಂಗಿಗೆ ಕೊಡಲಿಲ್ಲ.

ಈಗ ಕಾಕಾ ಇಲ್ಲ. ಪಡಸಾಲೆ, ಹೊಸ್ತಿಲು, ಕಲ್ಲು ಎಲ್ಲ ನೀರಿನಡಿ. ಹಳೆಯ ಹೊಳೆಕಟ್ಟಿಯದೆಂದು ನನ್ನ ಬಳಿ ಉಳಿದಿರುವುದು ಮಸಿ ಹತ್ತದ ಅಷ್ಟು ಜಾಗ.

ಆದರೆ ಒಂದೇ ಕಾರ್ಡು ನೋಡಿ ಅದು ಕಲ್ಲಿನ ತೆಗ್ಗೇ ಎಂದು ಖಚಿತವಾಗಿ ಹೇಳುವುದು ಹೇಗೆ? ಆ ಊರಿನಿಂದ ಬಂದ ಹಳೆಯ ಕಾಗದಗಳು ಯಾರ ಮನೆಯಲ್ಲಾದರೂ ಇದ್ದರೆ ಸಿಕ್ಕಾದ ಕೆಳಗಿನ ಎಡಬದಿ ನೋಡಿ. ಕಾಕಾನ ಅವ್ವ ಖಾರ ಕುಟ್ಟಿದ್ದು ಅಲ್ಲಿ ಕಾಣುತ್ತದೆಯೇ, ಯಾವ ತಾರೀಖಿನಿಂದ ಕಾಣುತ್ತದೆ, ದಯವಿಟ್ಟು ನನಗೆ ಬರೆದು ತಿಳಿಸಿ.